ಹನ್ನೆರಡರ ಮಕ್ಕಳೂ ನಮ್ಮ ಮೌನವೂ

ಎರಡು ವರ್ಷದ ಹಿಂದಿನ ಮಾತು. ಜುಲೈ ತಿಂಗಳು, ಜೋರು ಮಳೆ. ಮಧ್ಯಾಹ್ನ ಊಟದ ಬೆಲ್ಲು ಹೊಡೆದದ್ದೇ ಮಕ್ಕಳೆಲ್ಲ ತಟ್ಟೆ ಹಿಡಿದುಕೊಂಡು ಓಡಿದರು. ಏಳನೇ ಕ್ಲಾಸಿನ ಒಬ್ಬಳು ಮಾತ್ರ ಬೆಂಚಿನಿಂದ ಏಳಲಿಲ್ಲ. "ಹಸಿವಿಲ್ಲವಾ ಮಗಾ?" ಎಂದು ಕೇಳಿದೆ. ಸುಮ್ಮನೆ ತಲೆ ಅಲ್ಲಾಡಿಸಿದಳು. ಹತ್ತಿರ ಹೋಗಿ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಕಿವಿಯಲ್ಲಿ ಹೇಳಿದಳು, "ಟೀಚರ್, ನನಗೆ ಏನೋ ದೊಡ್ಡ ಸೀಕು ಬಂದಿದೆ. ಮನೆಯಲ್ಲಿ ಹೇಳ್ಬೇಡಿ..."

ಸೀಕು ಏನೂ ಅಲ್ಲ ಎಂದು ಓದುವ ನಿಮಗೆ ಈಗಾಗಲೇ ಗೊತ್ತಾಗಿರಬಹುದು. ಆದರೆ ಅವಳಿಗೆ ಗೊತ್ತಿರಲಿಲ್ಲ. ಬೆಳಿಗ್ಗೆಯಿಂದ ಒಬ್ಬಳೇ ಸಾವಿನ ಬಗ್ಗೆ ಯೋಚಿಸುತ್ತಾ ಕೂತಿದ್ದಳು. ಆ ಮನೆಯಲ್ಲಿ ಅಮ್ಮ ಇದ್ದಾರೆ, ಅಜ್ಜಿ ಇದ್ದಾರೆ, ಪಿಯುಸಿ ಓದಿದ ಅಕ್ಕ ಇದ್ದಾಳೆ. ಮೂವರಿಗೂ ಆಗಿ ಹೋದ ವಿಷಯ. ಒಬ್ಬರಾದರೂ ಮುಂಚೆಯೇ ಒಂದು ಮಾತು ಹೇಳಿದ್ದರೆ?

ಇದೇ ಹೊತ್ತಿಗೆ ಇನ್ನೊಂದು ಮನೆಯ ಕತೆ. ನಾವು ಕೊಂಕಣಿ ಮಾತಾಡುವ ಕೆಥೊಲಿಕರು. ಆದಿತ್ಯವಾರ ಮೀಸ್ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಒಬ್ಬರು ತಾಯಿ ನನ್ನ ಕೈ ಹಿಡಿದು ಬದಿಗೆ ಕರೆದರು. ಅವರ ಮಗ ಎಂಟನೇ ಕ್ಲಾಸು. ಎರಡು ತಿಂಗಳಿಂದ ಅವನು ಪರಮಪ್ರಸಾದ ತೆಗೆದುಕೊಳ್ಳುತ್ತಿಲ್ಲವಂತೆ. ಎಲ್ಲರೂ ಸಾಲಿನಲ್ಲಿ ಹೋಗುವಾಗ ಅವನು ಮಾತ್ರ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾನಂತೆ. ಯಾಕೆ ಎಂದರೆ ಉತ್ತರವಿಲ್ಲ. "ಕೆಟ್ಟ ಸಹವಾಸಕ್ಕೆ ಬಿದ್ದನಾ ಏನೋ, ನೀವೊಮ್ಮೆ ಕೇಳಿ ಬಾಯಿ" ಎಂದರು. ನಾನು ಹೆಂಗಸು, ನನ್ನೊಡನೆ ಅವನು ಹೇಳುವುದಿಲ್ಲ. ನಮ್ಮ ಯಜಮಾನರ ಹತ್ತಿರ ಹೇಳಿದ. ರಾತ್ರಿ ನಿದ್ರೆಯಲ್ಲಿ ಅವನಿಗೆ ಆದದ್ದು ದೊಡ್ಡ ಪಾಪ ಎಂದು ಹುಡುಗ ತಿಳಿದುಕೊಂಡಿದ್ದ. ಪಾಪನಿವೇದನೆ ಮಾಡಲೂ ನಾಚಿಕೆ, ಮಾಡದೆ ಪ್ರಸಾದ ತೆಗೆದುಕೊಳ್ಳಲೂ ಹೆದರಿಕೆ. ಎರಡು ತಿಂಗಳು ಹದಿಮೂರು ವರ್ಷದ ಹುಡುಗ ಒಬ್ಬನೇ ಆ ಭಾರ ಹೊತ್ತಿದ್ದ.

ಅಲ್ಲಿ ಒಬ್ಬಳು ಸಾಯುತ್ತೇನೆ ಎಂದುಕೊಂಡಳು, ಇಲ್ಲಿ ಒಬ್ಬ ನರಕಕ್ಕೆ ಹೋಗುತ್ತೇನೆ ಎಂದುಕೊಂಡ. ಇಬ್ಬರದ್ದೂ ಆರೋಗ್ಯವಂತ ಶರೀರ. ಇಬ್ಬರಿಗೂ ಆದದ್ದು ದೇವರು ಇಟ್ಟ ಕ್ರಮದ ಪ್ರಕಾರವೇ. ಹಾಗಾದರೆ ತಪ್ಪಾದದ್ದು ಎಲ್ಲಿ? ನಮ್ಮ ಮೌನದಲ್ಲಿ ಎಂದು ನನಗೆ ಅನ್ನಿಸುತ್ತದೆ. ಈ ವಿಷಯ ಬರೆಯಬೇಕೋ ಬೇಡವೋ ಎಂದು ತುಂಬ ದಿನ ಯೋಚಿಸಿದೆ. ಬರೆಯದಿದ್ದರೆ ನಾನೂ ಆ ಮೌನಕ್ಕೆ ಸೇರಿದ ಹಾಗೆ ಅಲ್ಲವೇ?

ನನ್ನ ಕತೆಯನ್ನೇ ಮೊದಲು ಹೇಳುತ್ತೇನೆ. ಸಪ್ಟೆಂಬರ್ 8 ನಮಗೆ ಮೊಂತಿ ಫೆಸ್ತ್, ಮರಿಯಮ್ಮನವರ ಹುಟ್ಟುಹಬ್ಬ, ಹೊಸ ಅಕ್ಕಿಯ ಊಟದ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ಕೊಂಡುಹೋಗಿ ಬಾಲೆ ಮರಿಯಳಿಗೆ ಅರ್ಪಿಸುವುದು ಕ್ರಮ. ನನಗೆ ಹದಿಮೂರು ವರ್ಷ ಆಗಿದ್ದಾಗ ಐದನೇ ದಿನವೋ ಆರನೇ ದಿನವೋ ಮೊದಲ ಸಲ ಮುಟ್ಟಾಯಿತು. ಅಜ್ಜಿ ನನ್ನ ಕೈಯಿಂದ ಬುಟ್ಟಿ ತೆಗೆದು ತಂಗಿಯ ಕೈಗೆ ಕೊಟ್ಟರು. "ಈಗ ನೀನು ಹೂ ಮುಟ್ಟಬಾರದು" ಎಂದರು. ಬೈಯಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಆ ವರ್ಷ ನಾನು ಇಗರ್ಜಿಯ ಹಿಂದಿನ ಬಾಗಿಲ ಹತ್ತಿರ ಬರಿಗೈಯಲ್ಲಿ ನಿಂತು ಉಳಿದವರು ಹೂ ಹಾಕುವುದನ್ನು ನೋಡಿದೆ. ಮರಿಯಮ್ಮ ನನ್ನನ್ನು ಬೇಡ ಎಂದರು ಎಂದೇ ನನಗೆ ಅನ್ನಿಸಿತ್ತು. ಆಮೇಲೆ ಎಷ್ಟೋ ವರ್ಷ ಆ ದಿನಗಳಲ್ಲಿ ತೇರ್ಸ್ ಹೇಳುವಾಗ ಜಪಮಣಿ ಮುಟ್ಟಲು ಕೈ ಹಿಂಜರಿಯುತ್ತಿತ್ತು.

ಅಜ್ಜಿಗೆ ಈ ನಿಯಮ ಯಾರು ಕಲಿಸಿದರು? ಧರ್ಮಸಭೆ ಖಂಡಿತ ಅಲ್ಲ. ಸುತ್ತಮುತ್ತಲಿನ ಊರಿನ ಕ್ರಮ ನಮ್ಮ ಮನೆಗೂ ಬಂತು, ಅಷ್ಟೆ. ಊರಿನ ಕ್ರಮ ಎಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಮ್ಮ ತುಳುನಾಡಿನಲ್ಲಿ ಕೆಡ್ಡಸ ಇದೆ ನೋಡಿ. ಮಕರ ತಿಂಗಳ ಕೊನೆಗೆ, ಫೆಬ್ರವರಿಯಲ್ಲಿ, ಭೂಮಿತಾಯಿ ಮುಟ್ಟಾಗುತ್ತಾಳೆ ಎಂದು ಮೂರು ದಿನ ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಗೆ ಹೆಂಗಸರು ಅವಳಿಗೆ ಎಣ್ಣೆ ಬಿಟ್ಟು ಗೌರವಿಸುತ್ತಾರೆ. ಎಷ್ಟು ಚಂದದ ಯೋಚನೆ! ಭೂಮಿಗೆ ಆದಾಗ ಅದು ಫಲವತ್ತತೆ, ವಿಶ್ರಾಂತಿ, ಗೌರವ. ಅದೇ ಮನೆಯ ಹುಡುಗಿಗೆ ಆದಾಗ ಮೂಲೆಯ ಚಾಪೆ, ಬೇರೆ ತಟ್ಟೆ. ಭೂಮಿಗೆ ಕೊಡುವ ಗೌರವದಲ್ಲಿ ಸ್ವಲ್ಪ ಮಗಳಿಗೂ ಕೊಡಬಾರದೇ?

ಇನ್ನು ನಮ್ಮ ಬೈಬಲ್ ಏನು ಹೇಳುತ್ತದೆ? ಹಳೆಯ ಒಡಂಬಡಿಕೆಯ ಯಾಜಕಕಾಂಡದ 15ನೇ ಅಧ್ಯಾಯದಲ್ಲಿ ಮುಟ್ಟಾದವಳು ಏಳು ದಿನ ಅಶುದ್ಧಳು ಎಂಬ ನಿಯಮ ಇದೆ, ಮುಚ್ಚಿಡಬೇಕಾಗಿಲ್ಲ. ಆದರೆ ಅದನ್ನು ತೋರಿಸುವವರು ಅದೇ ಅಧ್ಯಾಯದ ಮೊದಲ ಅರ್ಧ ಓದುವುದಿಲ್ಲ. ಅಲ್ಲಿ ಗಂಡಸಿನ ವೀರ್ಯಸ್ಖಲನಕ್ಕೂ ನಿಯಮ ಇದೆ. ಸ್ನಾನ ಮಾಡಬೇಕು, ಸಾಯಂಕಾಲದವರೆಗೆ ಅಶುದ್ಧ. ಅಂದರೆ ಅದು ಯೆಹೂದ್ಯರ ಆರಾಧನೆಗೆ ಸಂಬಂಧಪಟ್ಟ ಶುಚಿತ್ವದ ನಿಯಮ, ಗಂಡಿಗೂ ಹೆಣ್ಣಿಗೂ ಇತ್ತು. ಅದು ಪಾಪದ ಪಟ್ಟಿ ಅಲ್ಲ.

ಹೊಸ ಒಡಂಬಡಿಕೆಗೆ ಬನ್ನಿ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯವನ್ನು ನಾನು ಚಿಕ್ಕಂದಿನಿಂದ ಎಷ್ಟೋ ಸಲ ಕೇಳಿದ್ದೇನೆ. ಆದರೆ ಅದು ಈ ವಿಷಯದ ಅಧ್ಯಾಯ ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ. ಯಾಯಿರ ಎಂಬ ಸಭಾಮಂದಿರದ ಮುಖಂಡನ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಯೇಸು ಅಲ್ಲಿಗೆ ಹೊರಟಿದ್ದಾರೆ. ದಾರಿಯಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವ ನಿಲ್ಲದ ಒಬ್ಬ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಅವರ ಬಟ್ಟೆ ಮುಟ್ಟುತ್ತಾಳೆ. ಕದ್ದು ಮುಟ್ಟುತ್ತಾಳೆ, ಯಾಕೆಂದರೆ ಅವಳು ಮುಟ್ಟಬಾರದವಳು. ಗುಣವಾಗುತ್ತದೆ. ಯೇಸು ಸುಮ್ಮನೆ ಮುಂದೆ ಹೋಗಬಹುದಿತ್ತು. ಹೋಗುವುದಿಲ್ಲ, ನಿಂತು ಯಾರು ಎಂದು ಕೇಳುತ್ತಾರೆ. ಅವಳು ನಡುಗುತ್ತಾ ಎದುರಿಗೆ ಬಂದು ಎಲ್ಲವನ್ನೂ ಹೇಳುತ್ತಾಳೆ. ಬೈಗುಳ ಇಲ್ಲ. ಮಗಳೇ ಎಂದು ಕರೆದು ಸಮಾಧಾನದಿಂದ ಕಳುಹಿಸುತ್ತಾರೆ.

ಅಷ್ಟರಲ್ಲಿ ಯಾಯಿರನ ಮಗಳು ತೀರಿಹೋದಳೆಂದು ಸುದ್ದಿ ಬರುತ್ತದೆ. ಯೇಸು ಮನೆಗೆ ಹೋಗಿ ಗಲಾಟೆ ಮಾಡುತ್ತಿದ್ದವರನ್ನೆಲ್ಲ ಹೊರಗೆ ಕಳುಹಿಸಿ, ತಂದೆ ತಾಯಿಯನ್ನು ಜೊತೆಗಿಟ್ಟುಕೊಂಡು, ಹುಡುಗಿಯ ಕೈ ಹಿಡಿದು ಎಬ್ಬಿಸುತ್ತಾರೆ. ಅವಳಿಗೆ ಎಷ್ಟು ವರ್ಷ ಎಂದು ಮಾರ್ಕನು ಬರೆದಿದ್ದಾನೆ: ಹನ್ನೆರಡು. ನಮ್ಮ ಏಳನೇ ಕ್ಲಾಸಿನ ವಯಸ್ಸು! ಕೊನೆಗೆ ಯೇಸು ಹೇಳಿದ್ದು ದೊಡ್ಡ ಉಪದೇಶ ಅಲ್ಲ, ಅವಳಿಗೆ ತಿನ್ನಲಿಕ್ಕೆ ಏನಾದರೂ ಕೊಡಿ ಎಂದರು.

ಹನ್ನೆರಡು ವರ್ಷ ರಕ್ತ ಹೋದವಳು, ಹನ್ನೆರಡು ವರ್ಷ ವಯಸ್ಸಿನವಳು. ಎರಡನ್ನೂ ಒಂದೇ ಅಧ್ಯಾಯದಲ್ಲಿ ಒಂದರೊಳಗೊಂದು ಇಟ್ಟು ಹೇಳಿದ್ದು ಸುಮ್ಮನೆ ಇರಲಿಕ್ಕಿಲ್ಲ. ಗುಂಪಿನ ಮಧ್ಯೆ ಹೆದರಿದವಳಿಗೆ ಮಾತಾಡಲು ಅವಕಾಶ, ಚಿಕ್ಕವಳಿಗೆ ಗಲಾಟೆ ಇಲ್ಲದ ಕೋಣೆ, ಪಕ್ಕದಲ್ಲಿ ತಂದೆ ತಾಯಿ, ಹಿಡಿದ ಕೈ, ಊಟ. ಈ ವಯಸ್ಸಿನ ಮಕ್ಕಳಿಗೆ ಬೇಕಾದದ್ದು ಇಷ್ಟೇ ಅಲ್ಲವೇ?

ಧರ್ಮಸಭೆಯ ಚರಿತ್ರೆಯಲ್ಲಿಯೂ ಇದಕ್ಕೆ ಆಧಾರ ಇದೆ. ಆರನೇ ಶತಮಾನದ ಕೊನೆಗೆ ಇಂಗ್ಲೆಂಡಿಗೆ ಹೋದ ಮಿಶನರಿ ಕ್ಯಾಂಟರ್ಬರಿಯ ಅಗಸ್ಟೀನರು ಪೋಪ್ ಮಹಾ ಗ್ರೆಗೊರಿಯವರನ್ನು ಇದೇ ಪ್ರಶ್ನೆ ಕೇಳಿದ್ದರಂತೆ: ಮುಟ್ಟಾದವಳು ಇಗರ್ಜಿಗೆ ಬರಬಹುದೇ, ಪ್ರಸಾದ ತೆಗೆದುಕೊಳ್ಳಬಹುದೇ? ಗ್ರೆಗೊರಿಯವರ ಉತ್ತರವನ್ನು ಬೀಡ ಎಂಬ ಸನ್ಯಾಸಿ ಎಂಟನೇ ಶತಮಾನದ ತನ್ನ ಇತಿಹಾಸ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ತಡೆಯಬಾರದು ಎಂಬುದೇ ಉತ್ತರ. ಭಕ್ತಿಯಿಂದ ತಾನಾಗಿ ದೂರ ಉಳಿದರೆ ಅದೂ ಒಳ್ಳೆಯದೇ, ಆದರೆ ಬರುವವಳನ್ನು ತಪ್ಪಿತಸ್ಥೆ ಎನ್ನಬಾರದು. ಕಾರಣವಾಗಿ ಅವರು ತೋರಿಸಿದ್ದೂ ಆ ಬಟ್ಟೆ ಮುಟ್ಟಿದ ಹೆಂಗಸನ್ನೇ. ಸಾವಿರದ ನಾನೂರು ವರ್ಷದ ಹಿಂದೆ ಕೊಟ್ಟ ಉತ್ತರ ನನ್ನ ಹೂವಿನ ಬುಟ್ಟಿಯ ತನಕ ಬಂದು ಮುಟ್ಟಿರಲಿಲ್ಲ!

ಹುಡುಗರ ವಿಷಯವೂ ಹೀಗೆಯೇ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ನಿದ್ರೆಯಲ್ಲಿ ಆಗುವುದರ ಬಗ್ಗೆ ಬರೆದಿದ್ದಾರೆ. ನಿದ್ರೆಯಲ್ಲಿ ಮನುಷ್ಯನ ಬುದ್ಧಿ ಸ್ವತಂತ್ರವಾಗಿ ತೀರ್ಮಾನ ಮಾಡುವುದಿಲ್ಲ, ಆದ್ದರಿಂದ ಅದು ತನ್ನಷ್ಟಕ್ಕೆ ಪಾಪವಲ್ಲ ಎಂಬುದು ಅವರ ಅಭಿಪ್ರಾಯ. ನಮ್ಮ ಯಜಮಾನರು ಇದನ್ನು ಆ ಹುಡುಗನಿಗೆ ಹೇಳಿ, ಫಾದರ್ ಹತ್ತಿರ ಕರೆದುಕೊಂಡು ಹೋದರು. ಫಾದರ್ ನಕ್ಕು ಬೆನ್ನು ತಟ್ಟಿದರಂತೆ. ಮುಂದಿನ ಆದಿತ್ಯವಾರ ಅವನು ಸಾಲಿನಲ್ಲಿ ನಿಂತದ್ದನ್ನು ನಾನು ನೋಡಿದೆ. ಅವನ ಅಮ್ಮ ಕಣ್ಣೊರೆಸಿಕೊಂಡರು. ಎರಡು ತಿಂಗಳ ಸಂಕಟಕ್ಕೆ ಔಷಧಿ ಐದು ನಿಮಿಷದ ಮಾತು.

ಈಗ ವಿಜ್ಞಾನದ ಮಾತು, ಸ್ವಲ್ಪ ಟೀಚರ್ ಆಗಿ ಹೇಳುತ್ತೇನೆ. ಮೆದುಳಿನ ಬುಡದಲ್ಲಿ ಕಡಲೆಯಷ್ಟು ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಮೆದುಳಿನಿಂದ ಸೂಚನೆ ಬಂದಾಗ ಅದು ಹೆಣ್ಣಿನ ಅಂಡಾಶಯಕ್ಕೆ, ಗಂಡಿನ ವೃಷಣಕ್ಕೆ ಕೆಲಸ ಶುರುಮಾಡು ಎನ್ನುತ್ತದೆ. ಅಲ್ಲಿಂದ ಬರುವ ಈಸ್ಟ್ರೋಜನ್, ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನುಗಳೇ ಎತ್ತರ, ಧ್ವನಿ, ರೋಮ, ಮೊಡವೆ, ಸಿಟ್ಟು, ಅಳು ಎಲ್ಲಕ್ಕೂ ಕಾರಣ. ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಯಾವಾಗ ಶುರುವಾದರೂ ಸಹಜ. ಅದಕ್ಕಿಂತ ಮೊದಲೇ ಶುರುವಾದರೆ, 13 ಮುಗಿದರೂ ಹುಡುಗಿಯಲ್ಲಿ, 14 ಮುಗಿದರೂ ಹುಡುಗನಲ್ಲಿ ಏನೂ ಬದಲಾವಣೆ ಕಾಣದಿದ್ದರೆ, 15 ಆದರೂ ಮುಟ್ಟು ಬಾರದಿದ್ದರೆ ಡಾಕ್ಟರಿಗೆ ತೋರಿಸಬೇಕು. ಮೊದಲ ಒಂದೆರಡು ವರ್ಷ ಮುಟ್ಟು ತಿಂಗಳು ತಪ್ಪುವುದು ಸಾಮಾನ್ಯ. ಎರಡರಿಂದ ಏಳು ದಿನ ಇರಬಹುದು. ಹುಡುಗರಲ್ಲಿಯೂ ಕೆಲವರಿಗೆ ಎದೆ ಸ್ವಲ್ಪ ಊದಿದ ಹಾಗೆ ಆಗಿ ಕೆಲವು ತಿಂಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷದಲ್ಲಿ ತಾನಾಗಿ ಹೋಗುತ್ತದೆ. ಇದಕ್ಕಾಗಿ ಅಂಗಿ ತೆಗೆಯಲು ನಾಚಿ ಆಟಕ್ಕೇ ಬಾರದ ಹುಡುಗರನ್ನು ನಾನು ನೋಡಿದ್ದೇನೆ. ಪಾಪ, ಯಾರೂ ಹೇಳಿರುವುದಿಲ್ಲ.

ಪ್ಯಾಡು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಉಪಯೋಗಿಸುವವರು ಸೋಪಿನಲ್ಲಿ ಒಗೆದು ಬಿಸಿಲಿನಲ್ಲಿಯೇ ಒಣಗಿಸಬೇಕು. ಯಾರೂ ನೋಡಬಾರದೆಂದು ಬಚ್ಚಲಿನ ಕತ್ತಲೆಯಲ್ಲಿ ಒಣಗಿಸುವುದರಿಂದಲೇ ಸೋಂಕು. ನಮ್ಮ ಮಳೆಗಾಲದಲ್ಲಿ ಇದು ಕಷ್ಟ, ಇಸ್ತ್ರಿ ಹಾಕಿದರೆ ಆದೀತು. ಕೇರಳದಲ್ಲಿ 2017ರಲ್ಲಿ ಶುರುವಾದ ಶೀ ಪ್ಯಾಡ್ ಯೋಜನೆಯಲ್ಲಿ ಶಾಲೆಗಳಿಗೆ ಪ್ಯಾಡು, ಅದನ್ನು ಇಡುವ ಕಪಾಟು, ಸುಡುವ ಯಂತ್ರ ಎಲ್ಲ ಕೊಡುವ ಕ್ರಮ ಬಂತು. ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣದ ಮಾತ್ರೆಯೂ ಇದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಮಕ್ಕಳು ಅದನ್ನು ಕಿಟಕಿಯಿಂದ ಹೊರಗೆ ಬಿಸಾಡುತ್ತಾರೆ ಎಂದು ನಮಗೆಲ್ಲ ಗೊತ್ತು. ಯಾಕೆ ತಿನ್ನಬೇಕು ಎಂದು ಹೇಳದೆ ಕೊಟ್ಟರೆ ಬಿಸಾಡದೆ ಇನ್ನೇನು ಮಾಡಿಯಾರು?

ನಮ್ಮ ಜಿಲ್ಲೆಯಲ್ಲಿ ಈ ವಿಷಯ ಮಾತಾಡದೆ ಇರಲಿಕ್ಕೆ ಆಗದ ಇನ್ನೊಂದು ಕಾರಣ ಇದೆ. ಎಣ್ಮಕಜೆ ಪಂಚಾಯತಿನ ಪಡ್ರೆ ಗ್ರಾಮವನ್ನು ನಿಮಗೆ ಗೊತ್ತಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದ ತನಕ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಪ್ರದೇಶ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಬಂದು ಇಲ್ಲಿಯ 10ರಿಂದ 19 ವರ್ಷದ 117 ಶಾಲಾ ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನು ಪರೀಕ್ಷಿಸಿದರು. 2003ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಇಲ್ಲಿಯ ಹುಡುಗರಲ್ಲಿ ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿರುವುದು ಕಂಡುಬಂತು, ಹಾರ್ಮೋನಿನಲ್ಲಿಯೂ ವ್ಯತ್ಯಾಸ ಇತ್ತು. ವಿಷ ಇದಕ್ಕೆ ಕಾರಣವಾಗಿರಬಹುದು ಎಂದು ಅವರು ಬರೆದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶವಿಡೀ ಎಂಡೋಸಲ್ಫಾನ್ ನಿಲ್ಲಿಸಿತು.

ನನಗೆ ಈ ವರದಿ ಓದಿದಾಗೆಲ್ಲ ಒಂದೇ ಯೋಚನೆ. ಆ ಹುಡುಗರಿಗೆ ತಮ್ಮ ಶರೀರದ ಬಗ್ಗೆ ಮಾತಾಡಲು ಮೊದಲ ಅವಕಾಶ ಸಿಕ್ಕಿದ್ದು ವಿಜ್ಞಾನಿಗಳು ಬಂದಾಗಲೋ ಏನೋ! ಒಬ್ಬ ಹುಡುಗನಿಗೆ ಹದಿನೈದಾದರೂ ಧ್ವನಿ ಒಡೆಯದಿದ್ದರೆ ಮನೆಯಲ್ಲಿ ಕೇಳುವುದಿಲ್ಲ, ಶಾಲೆಯಲ್ಲಿ ಮಕ್ಕಳು ತಮಾಷೆ ಮಾಡುತ್ತಾರೆ, ಅವನು ಒಳಗೇ ನುಂಗಿಕೊಳ್ಳುತ್ತಾನೆ. ಸಹಜ ಯಾವುದು ಎಂದು ಕಲಿಸದಿದ್ದರೆ ಅಸಹಜವಾದಾಗ ಗೊತ್ತಾಗುವುದು ಹೇಗೆ? ನಾವು ಮಾತಾಡದೆ ಇದ್ದರೆ ವಿಷದಿಂದ ಆದ ಹಾನಿಯೂ ನಾಚಿಕೆಯ ಕೆಳಗೆ ಮುಚ್ಚಿಹೋಗುತ್ತದೆ.

ಇನ್ನು ಭಾಷೆಯ ಸಂಗತಿ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಆರೋಗ್ಯ ಇಲಾಖೆಯ ಕರಪತ್ರ, ತಿಳುವಳಿಕೆ ಕ್ಲಾಸು, ಕೌನ್ಸಿಲರ್ ಎಲ್ಲ ಹೆಚ್ಚಾಗಿ ಮಲಯಾಳದಲ್ಲಿ. ಕ್ಲಾಸು ತೆಗೆದುಕೊಳ್ಳಲು ಬಂದವರ ಮೇಲೆ ನನಗೆ ಏನೂ ದೂರಿಲ್ಲ, ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಒಮ್ಮೆ ಒಬ್ಬರು ಒಂದೂವರೆ ಗಂಟೆ ಕೌಮಾರಂ, ಆರ್ತವಂ ಎಂದು ಚೆನ್ನಾಗಿ ವಿವರಿಸಿದರು. ಮಕ್ಕಳು ತಲೆಯಾಡಿಸಿದರು. ಆಮೇಲೆ ಕೇಳಿದರೆ ಒಬ್ಬಳಿಗೆ "ಆರ್ತವ" ಅಂದರೆ ಏನು ಎಂದೇ ಗೊತ್ತಿಲ್ಲ. ನಮ್ಮ ಪಾಠದ ಕನ್ನಡವಾದರೂ ಸುಲಭವೇ? ಋತುಸ್ರಾವ, ಸ್ವಪ್ನಸ್ಖಲನ, ದ್ವಿತೀಯಕ ಲೈಂಗಿಕ ಲಕ್ಷಣ... ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ, ಹವ್ಯಕ ಮಾತಾಡುವ ಮಕ್ಕಳಿಗೆ ಇವು ಪರೀಕ್ಷೆಗೆ ಬಾಯಿಪಾಠ ಮಾಡುವ ಶಬ್ದಗಳು. ತನಗೆ ಆದದ್ದು ಅದೇ ಎಂದು ಅವರಿಗೆ ಹೊಳೆಯುವುದಿಲ್ಲ. ಆ ಬೆಂಚಿನಿಂದ ಏಳದ ಹುಡುಗಿಯ ನೋಟ್ಸಿನಲ್ಲಿ ಋತುಸ್ರಾವದ ವ್ಯಾಖ್ಯೆ ತಪ್ಪಿಲ್ಲದೆ ಬರೆದಿತ್ತು! ಅದಕ್ಕೆ ಹೇಳುವುದು, ಕನ್ನಡ ಮಾಧ್ಯಮ ಉಳಿಯಬೇಕು ಎಂದರೆ ಕನ್ನಡದಲ್ಲಿ ಕತೆ, ಕವಿತೆ ಇದ್ದರೆ ಸಾಲದು. ಮಗು ಹೆದರಿದಾಗ ಆಡುವ ಮಾತೂ ಅದರಲ್ಲಿ ಇರಬೇಕು.

ಸರಕಾರಿ ಶಾಲೆಯ ಕ್ಲಾಸಿನಲ್ಲಿ ನಾನು ಬೈಬಲ್ ತೆರೆಯುವುದಿಲ್ಲ, ತೆರೆಯಲೂ ಬಾರದು. ಅಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ, ಅಲ್ಲಿ ವಿಜ್ಞಾನ ಮತ್ತು ಕಾನೂನು ಸಾಕು. 2012ರ ಪೋಕ್ಸೋ ಕಾಯಿದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ರಕ್ಷಣೆ ಕೊಡುತ್ತದೆ, ಹುಡುಗರಿಗೂ ಕೂಡ. ಯಾರಾದರೂ ಕೆಟ್ಟ ರೀತಿಯಲ್ಲಿ ಮುಟ್ಟಿದರೆ ಹೇಳಬೇಕು, 1098ಕ್ಕೆ ಫೋನು ಮಾಡಬಹುದು, ಗೊತ್ತಾದ ಟೀಚರ್ ಪೊಲೀಸರಿಗೆ ತಿಳಿಸದಿದ್ದರೆ ಟೀಚರಿಗೇ ಶಿಕ್ಷೆ. ಇದನ್ನೆಲ್ಲ ಹೇಳುವುದು ನನ್ನ ಕೆಲಸ. ಆದರೆ ಮೀಸಿಗೆ ಬರುವ ಮಗುವಿಗೆ ಇಷ್ಟು ಸಾಲುವುದಿಲ್ಲ. ನನ್ನ ಶರೀರದಲ್ಲಿ ಆಗುವುದನ್ನು ದೇವರು ಹೇಗೆ ನೋಡುತ್ತಾನೆ ಎಂಬ ಪ್ರಶ್ನೆ ಅದಕ್ಕೆ ಇರುತ್ತದೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಮನೆ ಮತ್ತು ಇಗರ್ಜಿ.

ಆದ್ದರಿಂದ ಆದಿತ್ಯವಾರದ ಕ್ರೈಸ್ತ ಶಿಕ್ಷಣದ ಆರು, ಏಳು, ಎಂಟನೇ ತರಗತಿಗೆ ಒಂದು ದಿನ ಇದನ್ನೇ ಪಾಠ ಮಾಡೋಣ ಎಂದು ನಾನು ಸಭೆಯಲ್ಲಿ ಹೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಎದ್ದು, "ಟೀಚರ್ ಬಾಯಿ, ದೇವರ ಆಲಯದ ಅಂಗಳದಲ್ಲಿ ಇಂಥದ್ದೆಲ್ಲ ಯಾಕೆ? ಗೊತ್ತಿಲ್ಲದ ಮಕ್ಕಳಿಗೆ ಗೊತ್ತು ಮಾಡಿಸಿದ ಹಾಗೆ ಆಗುವುದಿಲ್ಲವೇ?" ಎಂದರು. ನಾನು ಅವರನ್ನು ತುಂಬ ಗೌರವಿಸುತ್ತೇನೆ, ಅವರ ಹೆದರಿಕೆ ಸುಳ್ಳಲ್ಲ. 2005ರಲ್ಲಿ ಕೇಂದ್ರ ಸರಕಾರ ಹದಿಹರೆಯದ ಶಿಕ್ಷಣ ತಂದಾಗಲೂ ಇದೇ ಪ್ರಶ್ನೆ ಎದ್ದಿತ್ತು. 2007ರಲ್ಲಿ ಕರ್ನಾಟಕ ಸೇರಿ ಕೆಲವು ರಾಜ್ಯಗಳು ಅದನ್ನು ಬೇಡ ಎಂದವು. ಮಕ್ಕಳಿಗೆ ತೋರಿಸುವ ಚಿತ್ರ, ಹೇಳುವ ಕ್ರಮ ವಯಸ್ಸಿಗೆ ತಕ್ಕದ್ದಾಗಿರಬೇಕು ಎಂಬ ಮಾತನ್ನು ನಾನೂ ಒಪ್ಪುತ್ತೇನೆ.

ಆದರೆ "ಗೊತ್ತಿಲ್ಲದ ಮಕ್ಕಳು" ಎಲ್ಲಿದ್ದಾರೆ? ಕೊರೋನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮನೆ ಮನೆಗೆ ಮೊಬೈಲ್ ಬಂತು, ಹೋಗಲಿಲ್ಲ. ನಾವು ಹೇಳದಿದ್ದರೆ ಅದು ಹೇಳುತ್ತದೆ. ಅದಕ್ಕೆ ನಾಚಿಕೆ ಇಲ್ಲ, ಪ್ರೀತಿಯೂ ಇಲ್ಲ. ಹೆಣ್ಣೆಂದರೆ ನೋಡುವ ವಸ್ತು ಎಂದು ಅದು ಕಲಿಸುತ್ತದೆ. ಶರೀರ ಪವಿತ್ರಾತ್ಮರ ಆಲಯ ಎಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದನ್ನು ನಾವು ಕಲಿಸುವುದು ಯಾವಾಗ, ಮದುವೆಯ ಹಿಂದಿನ ವಾರ ತರಬೇತಿಯಲ್ಲಿಯೇ? ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹಿರಿಯರಿಗೆ ನಾನು ಇನ್ನೊಂದನ್ನೂ ಹೇಳಿದೆ. ಮಕ್ಕಳು ಬೆಳೆದ ಹಾಗೆ ಅವರಿಗೆ ಒಳ್ಳೆಯ, ವಿವೇಕದ ಲೈಂಗಿಕ ಶಿಕ್ಷಣ ಸಿಗಬೇಕು ಎಂದು ಎರಡನೇ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ಶಿಕ್ಷಣದ ಬಗೆಗಿನ ತನ್ನ ಘೋಷಣೆಯಲ್ಲಿ ಹೇಳಿದೆ. ಸಂತ ಎರಡನೇ ಜಾನ್ ಪಾಲ್ 1979ರಿಂದ 1984ರ ತನಕ ಬುಧವಾರದ ಭೇಟಿಗಳಲ್ಲಿ ಶರೀರದ ಬಗ್ಗೆಯೇ ಸಾಲಾಗಿ ಉಪದೇಶ ಮಾಡಿದರು. ದಿವಂಗತ ಪೋಪ್ ಫ್ರಾನ್ಸಿಸರು 2016ರ ಕುಟುಂಬದ ಕುರಿತ ಪತ್ರದಲ್ಲಿ ಈ ವಿಷಯಕ್ಕೇ ಒಂದು ಭಾಗ ಇಟ್ಟರು. ರೋಮಿನಲ್ಲಿ ಮಾತಾಡಬಹುದಾದದ್ದನ್ನು ನಮ್ಮ ಗುಡ್ಡದ ಮೇಲಿನ ಇಗರ್ಜಿಯಲ್ಲಿ ಮಾತಾಡಬಾರದು ಎಂದರೆ ಹೇಗೆ?

ಕೊನೆಗೆ ಫಾದರ್ ಒಪ್ಪಿದರು. ಒಂದು ಶರತ್ತು ಹಾಕಿದರು, ತಂದೆ ತಾಯಿಯರಿಗೆ ಮೊದಲು ಹೇಳಬೇಕು. ಅದು ಒಳ್ಳೆಯದೇ ಆಯಿತು. ಹುಡುಗಿಯರಿಗೆ ನಾನು ಮತ್ತು ಒಬ್ಬರು ನಿವೃತ್ತ ನರ್ಸ್ ಬಾಯಿ, ಹುಡುಗರಿಗೆ ಫಾದರ್ ಮತ್ತು ನಮ್ಮ ಯಜಮಾನರು. ಕೊಂಕಣಿಯಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದ ಭಾಷೆಯಲ್ಲಿ. ಹೆಸರು ಬರೆಯದೆ ಚೀಟಿ ಹಾಕಲು ಒಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ಮೂರು ಮನೆಯವರು ಮಕ್ಕಳನ್ನು ಕಳುಹಿಸಲಿಲ್ಲ. ಬಂದವರು ಮೊದಲು ಮುಸಿಮುಸಿ ನಕ್ಕರು, ಆಮೇಲೆ ನಗು ನಿಂತಿತು. ಪೆಟ್ಟಿಗೆ ತೆರೆದಾಗ ಒಂದು ಚೀಟಿಯಲ್ಲಿ ಹೀಗಿತ್ತು: ಮುಟ್ಟಾದಾಗ ಮೊಂತಿ ಫೆಸ್ತಿಗೆ ಹೂ ಹಾಕಬಹುದಾ? ಅದನ್ನು ಓದಿ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಮೂವತ್ತು ವರ್ಷ ಕಳೆದರೂ ಅದೇ ಬುಟ್ಟಿ, ಅದೇ ಹಿಂದಿನ ಬಾಗಿಲು. "ಹಾಕಬಹುದು ಮಕ್ಕಳೇ, ಧಾರಾಳವಾಗಿ ಹಾಕಬಹುದು" ಎಂದೆ.

ಭಾವನೆಗಳ ಬಗ್ಗೆಯೂ ಎರಡು ಮಾತು. ಈ ವಯಸ್ಸಿನಲ್ಲಿ ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಬಾಗಿಲು ಧಡಾರನೆ ಮುಚ್ಚುತ್ತಾರೆ, ಯಾರ ಮೇಲೋ ಇಷ್ಟ ಹುಟ್ಟುತ್ತದೆ. ಇಷ್ಟ ಹುಟ್ಟುವುದು ಪಾಪ ಅಲ್ಲ. ಮನಸ್ಸಿಗೆ ಒಂದು ಯೋಚನೆ ಬರುವುದು ಬೇರೆ, ಅದನ್ನು ಕರೆದು ಕೂರಿಸಿ ಊಟ ಬಡಿಸುವುದು ಬೇರೆ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ಲೂಕನ ಸುವಾರ್ತೆಯಲ್ಲಿ ಹನ್ನೆರಡು ವರ್ಷದ ಯೇಸು ಯಾರಿಗೂ ಹೇಳದೆ ಯೆರೂಸಲೇಮಿನ ದೇವಾಲಯದಲ್ಲಿ ಉಳಿದುಬಿಟ್ಟರು. ಮರಿಯಮ್ಮ, ಜೋಸೆಫರು ಮೂರು ದಿನ ಹುಡುಕಿದರು. ಸಿಕ್ಕಿದಾಗ ತಾಯಿ ಮಾಡಿದ್ದೇನು? ಹೊಡೆಯಲಿಲ್ಲ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದರು, ನಮಗೆ ಎಷ್ಟು ಸಂಕಟವಾಯಿತು ಎಂದು ಹೇಳಿದರು. ಮಗನ ಉತ್ತರ ಅವರಿಗೆ ಪೂರ್ತಿ ಅರ್ಥವಾಗಲಿಲ್ಲ ಎಂದೂ ಸುವಾರ್ತೆಯಲ್ಲಿದೆ! ಆದರೂ ತಾಯಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರು, ಮಗ ಅವರೊಡನೆ ನಜರೇತಿಗೆ ಹೋಗಿ ವಿಧೇಯನಾಗಿ ಬೆಳೆದ. ಪವಿತ್ರ ಕುಟುಂಬದಲ್ಲಿಯೇ ಹನ್ನೆರಡನೇ ವಯಸ್ಸು ಇಷ್ಟು ಕಷ್ಟ ಕೊಟ್ಟಿದ್ದರೆ ನಮ್ಮ ನಿಮ್ಮ ಮನೆಯ ಪಾಡೇನು? ಅರ್ಥವಾಗದಿದ್ದರೂ ಕೇಳುವುದು, ಹೇಳುವುದು, ಜೊತೆಗೆ ಕರೆದುಕೊಂಡು ಬರುವುದು, ಇಷ್ಟು ನಮ್ಮ ಕೈಯಲ್ಲಿದೆ.

ಅಮ್ಮಂದಿರೇ, ಮಗಳಿಗೆ ಒಂಬತ್ತು ಹತ್ತು ಆಗುವಾಗಲೇ ಹೇಳಿ. ಬ್ಯಾಗಿನಲ್ಲಿ ಒಂದು ಪ್ಯಾಡು ಇಟ್ಟು ಕಳುಹಿಸಿ. ಅಪ್ಪಂದಿರೇ, ಗಲ್ಫಿನಲ್ಲಿ ಇದ್ದರೂ ಪರವಾಗಿಲ್ಲ, ವಾಟ್ಸಪ್ಪಿನಲ್ಲಿ ಮಗನೊಡನೆ ಮಾರ್ಕಿನ ಬಗ್ಗೆ ಮಾತ್ರ ಮಾತಾಡಬೇಡಿ. ಟೀಚರುಗಳೇ, ಪಾಠದ ಆ ಪುಟವನ್ನು "ಮನೆಯಲ್ಲಿ ಓದಿಕೊಳ್ಳಿ" ಎಂದು ಹಾರಿಸಬೇಡಿ. ನಾನೂ ಮೊದಲ ಕೆಲವು ವರ್ಷ ಹಾರಿಸಿದ್ದೇನೆ, ಟಿಸಿಎಚ್‌ನಲ್ಲಿ ನಮಗೆ ಇದನ್ನು ಹೇಗೆ ಕಲಿಸಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಜುಲೈ ತಿಂಗಳ ಮಧ್ಯಾಹ್ನಕ್ಕೆ ಬರುತ್ತೇನೆ. ಹುಡುಗಿಗೆ ಕಪಾಟಿನಿಂದ ಪ್ಯಾಡು ತೆಗೆದುಕೊಟ್ಟು, ಹೇಗೆಂದು ಹೇಳಿಕೊಟ್ಟು, ನನ್ನ ಶಾಲು ಸೊಂಟಕ್ಕೆ ಕಟ್ಟಿದೆ. ನಾನು ಹೇಳಿದ್ದನ್ನೆಲ್ಲ ಕೇಳಿ "ಎಲ್ಲರಿಗೂ ಆಗ್ತದಾ ಟೀಚರ್? ನಿಮಗೂ?" ಎಂದಳು. "ನನಗೂ" ಎಂದೆ. ಆಗ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ಅಡುಗೆಯವರಲ್ಲಿ ಹೇಳಿ ಒಂದು ತಟ್ಟೆ ಅನ್ನ, ಹೆಸರುಕಾಳಿನ ಸಾರು ತರಿಸಿದೆ. ಎರಡು ಸಲ ಹಾಕಿಸಿಕೊಂಡು ಉಂಡಳು.

ಈಗ ಅವಳು ಒಂಬತ್ತನೇ ಕ್ಲಾಸು. ಮೊನ್ನೆ ಬಸ್ಸಿನಲ್ಲಿ ಸಿಕ್ಕಿದಳು. ತಂಗಿಗೆ ಹತ್ತು ವರ್ಷ ಆಯಿತಂತೆ. "ಅವಳಿಗೆ ನಾನೇ ಹೇಳಿದೆ ಟೀಚರ್" ಎಂದಳು.

ನಿಮ್ಮ ಮನೆಯಲ್ಲಿ ಯಾರು ಹೇಳುತ್ತಾರೆ?